ಅರಿಷಿಣದ ಕಲ್ಲಿನ ವಯಸ್ಸು

ಆ ಕಲ್ಲಿಗೆ ಮೊದಲ ಅರಿಷಿಣ ಹಚ್ಚಿದವಳು ನಾನು. ನನ್ನ ಅಜ್ಜಿ ಹಚ್ಚಿರಲಿಲ್ಲ, ಅವಳ ಅಜ್ಜಿಯೂ ಹಚ್ಚಿರಲಿಲ್ಲ. ಇದನ್ನು ಓದಿ ನಮ್ಮ ಕಡೆಯವರು ಬೈಯುವುದಾದರೆ ಬೈಯಲಿ. ಊರಿನ ಮುಂದೆ ನಾನು ತಲೆ ತಗ್ಗಿಸುವುದಿಲ್ಲ, ಕಲ್ಲಿನ ಮುಂದೆಯೂ ಇಲ್ಲ. ತಗ್ಗಿಸಬೇಕಾದದ್ದು ಒಬ್ಬನ ಮುಂದೆ, ನನ್ನ ತಮ್ಮನ ಮುಂದೆ. ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ. ನಡೆದದ್ದನ್ನು ನಡೆದ ಹಾಗೆ ಬರೆಯಲು ಅಷ್ಟು ಸಾಕು.

ನಮ್ಮ ಊರು ದರೋಜಿಯಿಂದ ಸಂಡೂರಿನ ಗುಡ್ಡಗಳ ಕಡೆಗೆ ಹೋಗುವ ದಾರಿಯಲ್ಲಿತ್ತು. ಬೀಸುಕಲ್ಲು, ಒಳ್ಳು ಕಟೆದು ಗಾಡಿಗೆ ಹೇರಿ ಹೊಸಪೇಟೆ ಸಂತೆಯಲ್ಲಿ ಮಾರುವ ಮನೆ ನಮ್ಮದು. ನಮ್ಮಪ್ಪನ ಪಾಲಿಗೆ ಲೋಕದಲ್ಲಿ ಎರಡೇ ಜಾತಿಯ ಕಲ್ಲು. ಒಂದು ಹಂಪಿ ಕಲ್ಲು. ನಸುಗೆಂಪು, ಬಿಳಿ ಕಾಳು ಕಾಳಾಗಿರುವುದು, ಉಳಿ ಚಾಣಕ್ಕೆ ಬಗ್ಗುವುದು, ಮೊಮ್ಮಕ್ಕಳ ಕಾಲದವರೆಗೂ ಜೋಳ ಬೀಸುವುದು. ಇನ್ನೊಂದು ಗುಡ್ಡದ ಕಲ್ಲು. ಕಪ್ಪು ಹಸಿರು ಬಣ್ಣದ್ದು, ಸುತ್ತಿಗೆ ತಾಕಿದರೆ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುವುದು. ಹೊಸ್ತಿಲ ಮುಂದಿನ ಚಪ್ಪಡಿಗಲ್ಲದೆ ಬೇರೆ ಯಾತಕ್ಕೂ ಬಾರದು ಎಂದು ಅಪ್ಪ ಅದನ್ನು ಬೈಯುತ್ತಿದ್ದ.

ಅಪ್ಪನಿಗೆ ಒಂದು ನೇಮವಿತ್ತು, ಕಲ್ಲಿನ ಕಸುಬಿನ ಎಲ್ಲ ಮನೆಗಳಲ್ಲೂ ಇದ್ದದ್ದೇ. ಎಷ್ಟೇ ಒಳ್ಳೆಯ ಬಂಡೆಯಾಗಲಿ, ಅದರ ಮೇಲೆ ಯಾರೋ ಒಂದು ಬೆರಳು ಅರಿಷಿಣ ಎಳೆದಿದ್ದರೆ ಅದಕ್ಕೆ ಕಬ್ಬಿಣ ಮುಟ್ಟಿಸುವ ಹಾಗಿಲ್ಲ. ಯಾರು ಹಚ್ಚಿದರು, ಯಾವಾಗ ಹಚ್ಚಿದರು ಎಂದು ಕೇಳುವ ಹಾಗೂ ಇಲ್ಲ. ಚಾಣವನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಬಂಡೆಗೆ ಹೋಗಬೇಕು.

ಅಪ್ಪ ಸತ್ತ ಮೇಲೆ ತಮ್ಮ ಚಾಣ ಬಿಟ್ಟು ಸರ್ವೆಯವರ ಹಿಂದೆ ಹೋದ. ಬಂದಿದ್ದ ಅಧಿಕಾರಿ ಮೈಸೂರು ಸೀಮೆಯವರು, ಕಲ್ಲುಗಳ ವಿದ್ಯೆ ಓದಿದವರು. ಗುಡ್ಡ ಗುಡ್ಡ ತಿರುಗಿ, ಯಾವ ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ ಎಂದು ನಕ್ಷೆ ಬರೆಯುತ್ತಿದ್ದರು. ತಮ್ಮ ಅವರ ಸುತ್ತಿಗೆ, ಚೀಲ ಹೊರುತ್ತಿದ್ದ. ಹೊರುತ್ತಾ ಕೇಳುತ್ತಿದ್ದ, ಕೇಳಿದ್ದನ್ನು ಮನೆಗೆ ಬಂದು ಹೇಳುತ್ತಿದ್ದ. ಅವರು ಕೊಟ್ಟ ಹಳೆಯ ಖಾಕಿ ಕೋಟನ್ನು ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ.

ಒಂದು ದಿನ ಕಟ್ಟೆಯ ಮೇಲೆ ಕುಳಿತು ಕೇಳಿದ, "ಹಂಪಿ ಕಲ್ಲು ಮೊದಲು ಹುಟ್ಟಿದ್ದೋ, ಸಂಡೂರ ಗುಡ್ಡ ಮೊದಲು ಹುಟ್ಟಿದ್ದೋ? ಹೇಳ್ರಿ ನೋಡೋಣ."

ಎದುರು ಮನೆಯ ದೊಡ್ಡವ್ವ ಕಾಳು ಆರಿಸುತ್ತಾ ಕುಳಿತಿದ್ದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. "ಹಂಪಿದು ಮೊದಲು. ಅದರಾಗ ಕೇಳೋದೇನೈತಿ? ಅಲ್ಲಿ ಮಂಗ್ಯಾಗೋಳ ಮಾರಿ ನೋಡಿದ್ರ ತಿಳಿಯಂಗಿಲ್ಲೇನು, ಎಷ್ಟು ಹಳೇವು ಅಂತ?"

"ಮಂಗ್ಯಾ ಸಾಕ್ಷಿ ನಡಿಯಂಗಿಲ್ಲ ದೊಡ್ಡವ್ವ, ಕಲ್ಲ ಸಾಕ್ಷಿ ಬೇಕು."

"ಹಂಗಾರ ಕಲ್ಲನ್ನ ಕೇಳ್ಕೋ ಹೋಗು. ನನ್ನ್ಯಾಕ ಕೇಳ್ತೀಯಲೇ?"

ಅವನು ನಕ್ಕ, ಆದರೆ ಬಿಡಲಿಲ್ಲ. ಈ ಗುಡ್ಡಗಳೆಲ್ಲ ಒಂದಾನೊಂದು ಕಾಲಕ್ಕೆ ನೀರಿನ ತಳದ ಕೆಸರು, ಮರಳು, ಬೆಂಕಿಯಿಂದ ಉಕ್ಕಿದ ಕಲ್ಲಿನ ರಸ ಎಂದು ಹೇಳಿದ. ಒಂದರ ಮೇಲೊಂದು ಬಿದ್ದು, ಭಾರಕ್ಕೆ ಕೆಳಗಿಳಿದು, ಕಾವಿಗೆ ಬೆಂದವು. ಕುಂಬಾರನ ಆವಿಗೆಗೆ ಹೋದ ಮಣ್ಣು ಹೊರಗೆ ಬರುವಾಗ ಮಣ್ಣಾಗಿ ಉಳಿಯುವುದಿಲ್ಲವಲ್ಲ, ಹಾಗೆ. ಆಮೇಲೆ ಎರಡು ಕಡೆಯಿಂದ ನೂಕಿದಂತಾಗಿ, ನೆಲದ ಮೇಲೆ ಹಾಸಿದ ಸೀರೆ ನಿರಿಗೆ ಎದ್ದ ಹಾಗೆ ಎದ್ದು ನಿಂತವು. ಅಪ್ಪ ಬೈಯುತ್ತಿದ್ದ ಆ ಹಾಳೆಗಳು ಹಾಗೆ ಅದುಮಿಸಿಕೊಂಡದ್ದರ ಗುರುತು. ನನಗೆ ಇದು ಒಮ್ಮೆಗೇ ತಿಳಿಯಿತು. ಸುಳ್ಳೆಂದು ಅನಿಸಲೂ ಇಲ್ಲ. ಅದುಮಿದರೆ, ಬೇಯಿಸಿದರೆ ಯಾವುದೂ ಮೊದಲಿನಂತೆ ಇರುವುದಿಲ್ಲ ಎಂಬುದಕ್ಕೆ ನನಗೆ ಸಾಹೇಬರು ಬೇಕಿರಲಿಲ್ಲ.

ಇನ್ನು ಯಾವುದು ಮೊದಲು ಎಂಬ ಮಾತು. ಹೊಸಪೇಟೆಯ ಕಡೆ, ಗುಡ್ಡ ಮುಗಿದು ಹೊಲ ಶುರುವಾಗುವಲ್ಲಿ, ಗುಡ್ಡದ ಕರಿಕಲ್ಲಿನ ಬಿರುಕುಗಳೊಳಗೆ ಹಂಪಿ ಕಲ್ಲಿನಂಥದ್ದು ಕರಗಿ ಹರಿದು ಗಟ್ಟಿಯಾಗಿ ಕುಳಿತಿದೆ. ಬಿರುಕು ಇದ್ದ ಮೇಲಲ್ಲವೇ ಅದರೊಳಗೆ ಹರಿಯುವುದು? ಹಾಗಾಗಿ ಗುಡ್ಡವೇ ಮೊದಲು ಎಂದು ಅಧಿಕಾರಿಯ ಮೇಲಿನವರು ಹೇಳುತ್ತಿದ್ದರು. ಆದರೆ ಗುಡ್ಡದ ಕಲ್ಲಿನೊಳಗೇ ಎಲ್ಲಾದರೂ ಹೊಳೆಯಲ್ಲಿ ಉರುಳಿ ದುಂಡಾದ ಹಂಪಿ ಕಲ್ಲಿನ ತುಂಡು ಸಿಕ್ಕಿದರೆ ಲೆಕ್ಕ ತಿರುವುಮುರುವು.

"ಶೇಂಗಾ ಉಂಡಿ ಕಟ್ಟೋಕಿಂತ ಮೊದಲ ಶೇಂಗಾ ಇರಬೇಕಲ್ಲಕ್ಕ?" ಎಂದು ತಮ್ಮ ನನಗೆ ಹೇಳಿದ. ಅಂಥ ಕಲ್ಲನ್ನು ಹುಡುಕುವುದು ಅವನಿಗೆ ಹುಚ್ಚಾಯಿತು.

ನಾನು ಆಗ ತವರಿನಲ್ಲಿದ್ದೆ. ಕಂಪ್ಲಿಗೆ ಕೊಟ್ಟಿದ್ದರು. ಎರಡನೆಯ ಕೂಸನ್ನೂ ಹೊಳೆದಂಡೆಯ ಮಣ್ಣಿಗೆ ಕೊಟ್ಟು ಬಂದಿದ್ದೆ. ಅತ್ತೆ "ಸ್ವಲ್ಪ ದಿನ ಇದ್ದು ಬಾ" ಎಂದಿದ್ದಳು. ಆ ಮಾತಿನಲ್ಲಿ ಬಾ ಎಂಬುದು ಎಷ್ಟಿತ್ತೋ, ಹೋಗು ಎಂಬುದು ಎಷ್ಟಿತ್ತೋ ಗೊತ್ತಿಲ್ಲ. ಮನೆಯಲ್ಲಿ ನಾನು ಯಾರ ಜೊತೆಗೂ ಮಾತನಾಡುತ್ತಿರಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ತಮ್ಮ ಓಡಿ ಬಂದು, "ಏಳಕ್ಕ, ನಿನಗೊಂದು ತೋರಸ್ತೀನಿ, ಏಳು," ಎಂದು ರಟ್ಟೆ ಹಿಡಿದು ಎಬ್ಬಿಸಿದ. ಮುಳ್ಳುಕಂಟಿಯ ನಡುವೆ, ಕರಡಿ ಓಡಾಡುವ ಹಳ್ಳದ ದಾರಿಯಲ್ಲಿ ಕೈಯಲ್ಲಿದ್ದ ಕೋಲನ್ನು ಬಂಡೆಗೆ ಬಡಿದು ಸದ್ದು ಮಾಡುತ್ತಾ ಕರೆದುಕೊಂಡು ಹೋದ.

ಹಳ್ಳದ ತಿರುವಿನಲ್ಲಿ ಮಲಗಿದ ಆಕಳಿನಷ್ಟು ದೊಡ್ಡ ಕರಿಕಲ್ಲು. ಮೇಲೆ ನೀರು ಸುರಿದ.

"ಇದರ ಹೊಟ್ಟ್ಯಾಗ ನೋಡು."

ಒಳಗೆ ಕಲ್ಲುಗಳಿದ್ದವು. ಮುಷ್ಟಿಯಷ್ಟು, ಮಾವಿನಕಾಯಿಯಷ್ಟು. ಮೊದಲು ದುಂಡಾಗಿದ್ದ ಅವು ಅದುಮಿಸಿಕೊಂಡು ಚಪ್ಪಟೆಯಾಗಿ, ಎಲ್ಲವೂ ಒಂದೇ ದಿಕ್ಕಿಗೆ ತಲೆ ಇಟ್ಟು ಮಲಗಿದ್ದವು. ಒಂದು ಮಾತ್ರ ತೆಂಗಿನಕಾಯಿ ಗಾತ್ರದ್ದು, ನಸುಗೆಂಪು, ಕಾಳು ಕಾಳು. ಅಪ್ಪನ ಬೀಸುಕಲ್ಲಿನ ಕಲ್ಲೇ.

"ಸಿಕ್ತು," ಎಂದ. "ಯಾರಿಗೂ ಹೇಳಬ್ಯಾಡ. ಮಳಿಗಾಲ ಮುಗಿದ ಮ್ಯಾಲ ಸಾಹೇಬ್ರನ್ನ ಕರ್ಕೊಂಡು ಬರ್ತೀನಿ. ಇದನ್ನ ಒಡೆದು ತಗೊಂಡು ಹೋಗಿ ಮೇಲಿನವರಿಗೆ ತೋರಸ್ತಾರ. ನನ್ನ ಮಾತು ಖರೇ ಆದ್ರ ಸರ್ವೇದಾಗ ಕಾಯಂ ಮಾಡ್ಸತೀನಿ ಅಂದಾರ."

ಹೂಂ ಎಂದೆ. ಅವನು ಸಂಡೂರಿನ ಕ್ಯಾಂಪಿಗೆ ಹೋದ. ನನ್ನ ಕಿವಿಯಲ್ಲಿ ಉಳಿದದ್ದು ಎರಡೇ ಮಾತು, ಹೊಟ್ಟೆ ಮತ್ತು ಒಡೆಯುವುದು.

ಮುಂದಿನ ಮಂಗಳವಾರ ಬಟ್ಟಲಲ್ಲಿ ಅರಿಷಿಣ ಕಲಸಿಕೊಂಡು ಹೋದೆ. ಏನೂ ತಿಳಿಯದೆ ಹಚ್ಚಿದೆ ಎಂದು ಬರೆಯಬಹುದು, ಓದುವವರು ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಆ ಪಾಪ ಬೇಡ. ಕಲ್ಲುಕಟೆಯುವವನ ಮಗಳು ನಾನು. ಅರಿಷಿಣ ಹಚ್ಚಿದರೆ ಕಬ್ಬಿಣ ತಪ್ಪುತ್ತದೆ ಎಂದು ಗೊತ್ತಿದ್ದೇ ಹಚ್ಚಿದೆ. ತಮ್ಮನಿಗೆ ಏನಾಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಯೋಚಿಸದಿರಲು ಗಟ್ಟಿ ಮನಸ್ಸು ಮಾಡಿದ್ದೆ ಎಂದರೂ ಆದೀತು.

ಸೌದೆಗೆ ಬಂದ ಹೆಂಗಸರು ನೋಡಿದರು. "ಏನಬೇ ಇದು, ಯಾವಾಗಿನ ದೇವರು?" ಎಂದು ಒಬ್ಬಳು ಕೇಳಿದಳು. "ನನಗೇನು ಗೊತ್ತು, ಇತ್ತು," ಎಂದೆ. ಮರುವಾರ ಅವಳೂ ಕುಂಕುಮ ತಂದಳು. ಮಕ್ಕಳಿಲ್ಲದವರು ಬಂದರು, ಮಕ್ಕಳನ್ನು ಕಳೆದುಕೊಂಡವರು ಬಂದರು. ಎಣ್ಣೆ, ಅರಿಷಿಣ, ಸುಣ್ಣದ ಪಟ್ಟೆ. ದಸರೆಯ ಹೊತ್ತಿಗೆ ಕಲ್ಲಿನ ಬಣ್ಣವೇ ಕಾಣದಾಯಿತು. ಮಕ್ಕಳವ್ವ ಎಂಬ ಹೆಸರೂ ಬಂದಿತ್ತು. ಹೆಸರಿಟ್ಟವಳು ದೊಡ್ಡವ್ವ.

ತಮ್ಮ ಅಧಿಕಾರಿಯನ್ನು ಕರೆದುಕೊಂಡು ಬಂದದ್ದು ಒಂದು ಮಂಗಳವಾರವೇ. ಗಾಡಿಯನ್ನು ದೂರ ನಿಲ್ಲಿಸಿ ಹಳ್ಳದುದ್ದಕ್ಕೂ ನಡೆದು ಬಂದರು. ತಮ್ಮ ಮುಂದೆ, ಹೆಗಲ ಮೇಲೆ ಸುತ್ತಿಗೆ. ತಿರುವು ದಾಟಿ ಕಲ್ಲನ್ನು ನೋಡಿದವನೇ ನಿಂತುಬಿಟ್ಟ. ಅವನ ಮುಖವನ್ನು ಬಣ್ಣಿಸಲು ನನಗೆ ಬಾರದು.

ಕಲ್ಲಿನ ಮುಂದೆ ನಮ್ಮ ಜೊತೆ ಕುಳಿತಿದ್ದ ದೊಡ್ಡವ್ವ ಎದ್ದು ನಿಂತಳು. "ಸುತ್ತಿಗಿ ಅಲ್ಲೇ ಇಡಲೇ. ನಿಮ್ಮಪ್ಪ ಆಗಿದ್ರ ಕಾಲಾಗಿನ ಕೆರ ಬಿಟ್ಟು ಬರ್ತಿದ್ದ."

ಅಧಿಕಾರಿ ಸಾಧು ಮನುಷ್ಯ. ಟೋಪಿ ತೆಗೆದರು. "ನಾನು ಒಡೆಯೋದಿಲ್ಲಮ್ಮ. ಸ್ವಲ್ಪ ತೊಳೆದು ನೋಡಬಹುದೇ?"

"ಆಕಿ ಮೈಮ್ಯಾಗಿಂದು ತೊಳಿಯೋದು, ಸೆರಗು ಎಳಿಯೋದು ಒಂದ."

"ಪೂಜೆ ಎಷ್ಟು ಕಾಲದಿಂದ ಇದೆ?"

ತಮ್ಮ ಮುಂದೆ ನುಗ್ಗಿದ. "ಎಲ್ಲೀ ಪೂಜಿ ಸಾಹೇಬ್ರ! ಮಳಿಗಾಲಕ್ಕ ಮೊದಲ ಇದರ ಮ್ಯಾಲ ಒಂದು ಚುಕ್ಕಿ ಅರಿಷಿಣ ಇದ್ದಿಲ್ಲ. ನಮ್ಮಕ್ಕನ್ನ ಕೇಳ್ರಿ. ನಾನ ಕರ್ಕೊಂಡು ಬಂದು ತೋರ್ಸೀನಿ. ಆಕಿ ಸುಳ್ಳು ಹೇಳಾಕಿ ಅಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಧಿಕಾರಿ, ಹೆಂಗಸರು, ಅವನು. ಅವನ ಕಣ್ಣಲ್ಲಿ ಅನುಮಾನವಿರಲಿಲ್ಲ. ಚಿಕ್ಕವನಿದ್ದಾಗ ಬೇರೆ ಹುಡುಗರ ಜೊತೆ ಜಗಳವಾಡಿ ನನ್ನ ಹತ್ತಿರ ನ್ಯಾಯಕ್ಕೆ ಬರುತ್ತಿದ್ದ ಅದೇ ಮುಖ.

"ನಮ್ಮಜ್ಜಿಯ ಅಜ್ಜಿ ಕಾಲದಿಂದ ಐತ್ರಿ," ಎಂದೆ.

ಅಧಿಕಾರಿ ಅವನನ್ನು ಬೈಯಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ನೀನು ಬೇರೆ ಯಾವುದೋ ಕಲ್ಲು ನೋಡಿರಬೇಕಪ್ಪ," ಎಂದರು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ನೋಡಿದ್ದನ್ನು ನೋಡಿದೆ ಎಂದವನಿಗೆ, ನೀನು ನೋಡಿಲ್ಲ ಎಂದು ಪ್ರೀತಿಯಿಂದ ಹೇಳಿಸಿದವಳು ನಾನು. ಕ್ಯಾಂಪು ಮುಂದಕ್ಕೆ ಹೋಯಿತು, ಅವನನ್ನು ಕರೆಯಲಿಲ್ಲ. ಖಾಕಿ ಕೋಟನ್ನು ಮಡಿಸಿ ಗಾಡಿಯವನ ಕೈಯಲ್ಲಿ ತಿರುಗಿ ಕಳಿಸಿದ.

ಹೊರಡುವ ಮುಂಚೆ ನನಗೆ ಒಂದೇ ಮಾತು ಹೇಳಿದ. "ಕಲ್ಲು ಉಳಿಸ್ಕೋಬೇಕಿತ್ತಂದ್ರ ನನಗ ಹೇಳಬೇಕಿತ್ತಕ್ಕ. ನಾನ ಅರಿಷಿಣ ತಂದು ಕೊಡ್ತಿದ್ದೆ."

ಅವನು ಸಂಡೂರಿನ ಮ್ಯಾಂಗನೀಸ್ ಗಣಿಗೆ ಸೇರಿದ. ಯಾವ ಕಲ್ಲು ಎಷ್ಟು ಹಳೆಯದೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಬುಟ್ಟಿ ತುಂಬಿದರೆ ಆಯಿತು. ನನ್ನನ್ನು ಗಂಡ ಬಂದು ಕಂಪ್ಲಿಗೆ ಕರೆದುಕೊಂಡು ಹೋದ. ಆಮೇಲೆ ಪಂಚಮಿಗೆ ತಮ್ಮ ಕರೆಯಲು ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣ ತಮ್ಮಂದಿರ ಗಾಡಿಯಲ್ಲಿ ಹೋಗುವುದನ್ನು ನೋಡುತ್ತಾ ನಾನು ಅಂಗಳ ಗುಡಿಸಿದೆ. "ನಿಮ್ಮ ತಮ್ಮಗ ದಾರಿ ಮರ್ತದೇನು?" ಎಂದು ಅತ್ತೆ ಕೇಳಿದರೆ, "ಗಣ್ಯಾಗ ರಜಾ ಇಲ್ಲಂತ," ಎನ್ನುತ್ತಿದ್ದೆ. ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸುವುದು ಕಷ್ಟದ ಕೆಲಸವೇನಲ್ಲ.

ನನಗೆ ಮಗಳು ಹುಟ್ಟಿದಳು, ಬದುಕಿದಳು. ಸುದ್ದಿ ಊರಿಗೆ ಹೋಯಿತು. ಮಕ್ಕಳವ್ವನ ಹತ್ತಿರ ಬರುವವರು ಹೆಚ್ಚಾದರು. ಕಲ್ಲು ಕೊಟ್ಟಿತೆಂದು ನಾನು ಹೇಳುವುದಿಲ್ಲ, ಕೊಡಲಿಲ್ಲ ಎಂದೂ ಹೇಳುವುದಿಲ್ಲ. ಆ ವಿಷಯದಲ್ಲಿ ನನ್ನನ್ನು ಯಾರೂ ಕಟಕಟೆಗೆ ಹತ್ತಿಸುವ ಅಗತ್ಯವಿಲ್ಲ.

ಇಷ್ಟು ವರ್ಷ ಯೋಚಿಸಿ ನನಗೆ ತಿಳಿದದ್ದು ಇಷ್ಟು. ಕಲ್ಲು ಒಡೆಯುವುದನ್ನು ತಡೆದದ್ದು ತಪ್ಪಲ್ಲ, ಇವತ್ತು ಬಂದರೂ ತಡೆಯುತ್ತೇನೆ. ತಡೆಯುವುದಕ್ಕೆ ತಮ್ಮನ ಮಾತನ್ನು ಒಡೆದದ್ದು ತಪ್ಪು. ಇವೆರಡನ್ನೂ ಕಲಸಿ ಒಂದೇ ತಪ್ಪು ಎನ್ನುವವರ ಜೊತೆ ನಾನು ವಾದಕ್ಕೆ ಕೂರುವುದಿಲ್ಲ.

ಯುದ್ಧದ ಕಾಲ ಬಂತು, ಸೀಮೆಎಣ್ಣೆ ಸಿಗದ ಕಾಲ. ಗುಡ್ಡಗಳಲ್ಲಿ ಮತ್ತೆ ಸರ್ವೆಯ ಡೇರೆಗಳು ಎದ್ದವು. ದರೋಜಿಯಿಂದ ಬಾಳೆಗೊನೆ ಕೊಳ್ಳಲು ಕಂಪ್ಲಿಗೆ ಬಂದವರು ಹೇಳಿದರು, ಬಂದಿರುವುದು ಅದೇ ಮೈಸೂರು ಸಾಹೇಬರು, ತಲೆ ಹಣ್ಣಾಗಿದೆ ಎಂದು. ಮರುದಿನವೇ ನಾನು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು, ಯಾರೂ ಕರೆಯದೆ, ಸಂಡೂರಿನ ಗಾಡಿ ಹತ್ತಿದೆ.

ತಮ್ಮ ಗಣಿಯ ಸಾಲುಮನೆಯ ಮುಂದೆ ಕುಳಿತಿದ್ದ. ಉಗುರಿನ ಸಂದಿಯಲ್ಲೆಲ್ಲ ಗಣಿಯ ಕಪ್ಪು. ನನ್ನನ್ನು ನೋಡಿ ಏಳಲಿಲ್ಲ.

"ಸಾಹೇಬ್ರು ಬಂದಾರ," ಎಂದೆ. "ಡೇರೆಗೆ ಹೋಗಿ ಹೇಳತೀನಿ. ನಾನ ಸುಳ್ಳು ಹೇಳಿದ್ದು ಅಂತ."

"ಊರ ಮಂದಿ ಮುಂದ ಸುಳ್ಳು ಹೇಳಿ, ಡೇರೆ ಒಳಗ ಒಬ್ಬರ ಕಿವ್ಯಾಗ ಖರೇ ಹೇಳ್ತೀಯೇನು?"

"ಹಂಗಾರ ಮಂದಿ ಮುಂದ ಹೇಳತೀನಿ. ಮಂಗಳವಾರ. ನೀ ಅವರನ್ನ ಕರ್ಕೊಂಡು ಬಾ."

"ನಾ ಬರಂಗಿಲ್ಲ."

"ಬರಬ್ಯಾಡ. ನಾನಂತೂ ತೊಳೀತೀನಿ."

ಮಂಗಳವಾರ ಹಳ್ಳದಿಂದ ಕೊಡದಲ್ಲಿ ನೀರು ತಂದು ಕಲ್ಲಿನ ಮೇಲೆ ಸುರಿದೆ. ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜತೊಡಗಿದೆ. ವರ್ಷಗಳ ಎಣ್ಣೆ ಚಕ್ಕೆ ಚಕ್ಕೆಯಾಗಿ ಎದ್ದಿತು. ಹೆಂಗಸರು ಸೇರಿದರು. ಒಬ್ಬಳು ಕೊಡ ಕಸಿಯಲು ಬಂದಳು. "ಹುಚ್ಚು ಹಿಡಿದೈತೇನ ನಿನಗ? ಆಕಿ ಕೊಟ್ಟ ಮಗಳನ್ನ ಮನ್ಯಾಗ ಇಟ್ಕೊಂಡು ಆಕಿ ಮೈಗೆ ಕೈ ಹಾಕ್ತೀಯಲ್ಲ!"

ನಾನು ನೆಟ್ಟಗೆ ನಿಂತು ಹೇಳಿದೆ. "ಕೇಳ್ರಿ. ಇದಕ್ಕ ಮೊದಲ ಅರಿಷಿಣ ಹಚ್ಚಿದಾಕಿ ನಾನು. ಅಜ್ಜಿ ಇಲ್ಲ, ಮುತ್ತಜ್ಜಿ ಇಲ್ಲ. ನನ್ನ ತಮ್ಮ ಅವತ್ತು ಹೇಳಿದ್ದ ಖರೇ."

 ಬೆನ್ನು ಬಾಗಿ ಕೋಲು ಹಿಡಿದಿದ್ದ ದೊಡ್ಡವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಇದನ್ನ ಹೇಳಾಕ ಕಂಪ್ಲಿಯಿಂದ ಬಂದಿಯೇನ? ನಮಗ ಗೊತ್ತಿದ್ದಿಲ್ಲ ಅಂದ್ಕೊಂಡಿದ್ದೀ? ಈ ಹಳ್ಳದಾಗ ನಾ ಸೌದಿ ಆರಿಸಿ ಮುದುಕಿ ಆಗೀನಿ. ನಮ್ಮಜ್ಜಿ ಕಾಲದ ದೇವರಾಗಿದ್ರ ನನಗ ಗೊತ್ತಿರತಿದ್ದಿಲ್ಲೇನು?"

"ಮತ್ತ ಅವತ್ತು ಯಾಕ ಸುಮ್ಮನಿದ್ದಿ?"

"ನಮಗೂ ಕಲ್ಲು ಬೇಕಿತ್ತು. ಆದ್ರ ನಿನ್ನ ತಮ್ಮ ನಮ್ಮನ್ನ ಕೇಳಲಿಲ್ಲವ್ವ. ನಿನ್ನ ಕೇಳಿದ."

 ಊರೆಲ್ಲ ನನ್ನ ಜೊತೆ ಸೇರಿ ಸುಳ್ಳು ಹೇಳಿತ್ತು ಎಂಬುದು ನನ್ನ ಭಾರವನ್ನು ಎಳ್ಳಷ್ಟೂ ಇಳಿಸಲಿಲ್ಲ. ಮತ್ತೆ ಕುಳಿತು ಉಜ್ಜಿದೆ.

ಹೊತ್ತು ಏರಿದ ಮೇಲೆ ಇಬ್ಬರು ಹಳ್ಳದ ದಾರಿಯಲ್ಲಿ ಬಂದರು. ಅಧಿಕಾರಿ ಮುಂದೆ, ತಮ್ಮ ಹಿಂದೆ. ಅಧಿಕಾರಿಗೆ ಅವನೇ ಎಲ್ಲವನ್ನೂ ಹೇಳಿದ್ದನೋ ಏನೋ, ಅವರು ನನ್ನನ್ನು ಏನೂ ಕೇಳಲಿಲ್ಲ. ಆದರೂ ಹೇಳಿದೆ. "ಸಾಹೇಬ್ರ, ಅವತ್ತು ನಾನು ನಿಮ್ಮ ಮುಂದ ಸುಳ್ಳು ಹೇಳಿದೆ. ಈತ ಹೇಳಿದ್ದು ಖರೇ."

ಅವರು ತಲೆಯಾಡಿಸಿ ಮೊಣಕಾಲೂರಿದರು. ಜೇಬಿನ ಭೂತಗನ್ನಡಿ ತೆಗೆದು ಆ ನಸುಗೆಂಪು ಗುಂಡಿನ ಮೇಲೆ ಹಿಡಿದರು.  ಹೊಳೆಯ ನೀರು ಬಂಡೆಯನ್ನು ಬಳಸಿ ಹೋಗುವಂತೆ ಕರಿಕಲ್ಲಿನ ಪದರುಗಳು ಆ ಗುಂಡನ್ನು ಬಳಸಿ ಹೋಗಿದ್ದವು. ಅದರ ಮೇಲೆ ಬೆರಳಾಡಿಸಿದರು.

"ನೀನು ಹೇಳಿದ ಹಾಗೇ ಇದೆ," ಎಂದು ತಮ್ಮನಿಗೆ ಹೇಳಿದರು. "ಆದರೆ ಇದು ಹಂಪಿಯ ಕಲ್ಲಲ್ಲಪ್ಪ."

ತಮ್ಮನ ಹುಬ್ಬು ಗಂಟಿಕ್ಕಿತು. "ಮತ್ತೇನು?"

"ಹೊಸಪೇಟೆ ಕಡೆ ಬಿರುಕಿನಲ್ಲಿ ಹರಿದಿದೆಯಲ್ಲ, ಅದು ಗುಡ್ಡಕ್ಕಿಂತ ಆಮೇಲಿನದು. ಅದೂ ನಿಜ. ಈ ಗುಂಡು ಗುಡ್ಡಕ್ಕಿಂತ ಮುಂಚಿನದು. ಇದೂ ನಿಜ. ನೋಡೋಕೆ ಒಂದೇ ಥರ, ಹುಟ್ಟು ಬೇರೆ ಬೇರೆ. ಇದು ಬಂದ ಬೆಟ್ಟ ಸವೆದು ಹೋಗಿದೆ. ನನಗೆ ಕಂಡಿರೋ ಮಟ್ಟಿಗೆ, ಇಲ್ಲಿ ಉಳಿದಿರೋದು ಈ ತುಣುಕೇ."

ತಮ್ಮ ಕುಕ್ಕರಗಾಲಲ್ಲಿ ಕುಳಿತ. ಅವನಿಗೂ ಇದು ಹೊಸದು. "ಎಷ್ಟು ವರ್ಷದ್ದು?" ಎಂದು ಕೇಳಿದ.

"ಈಗ ಹೇಳೋ ಉಪಾಯ ಬಂದಿದೆ. ಕೆಲವು ಕಲ್ಲಿನೊಳಗಿನ ಒಂದು ವಸ್ತು ತಾನೇ ತಾನಾಗಿ ಸವೆದು ಸೀಸ ಆಗ್ತಾ ಇರುತ್ತೆ. ಎಷ್ಟು ಸವೆದಿದೆ ಅಂತ ನೋಡಿದರೆ ವಯಸ್ಸು ತಿಳಿಯುತ್ತೆ. ಆದರೆ ಕಲ್ಲನ್ನು ಪುಡಿ ಮಾಡಬೇಕು, ದೂರ ದೇಶಕ್ಕೆ ಕಳಿಸಬೇಕು." ಅವರು ಹೆಂಗಸರ ಕಡೆ ನೋಡಿದರು, ನನ್ನ ಕಡೆ ನೋಡಿದರು. "ತುಂಡು ಇಲ್ಲದೆ ಬರಿ ಮಾತಿನಲ್ಲಿ ಹೇಳಿದರೆ ನನ್ನ ಮೇಲಿನವರು ಒಪ್ಪೋದಿಲ್ಲ."

 ಈ ಸಲ ತಮ್ಮ ಏನು ಹೇಳಿದರೂ ಅದೇ ಮಾತು ಎಂದು ತೀರ್ಮಾನಿಸಿದ್ದೆ. ಒಡೆಯಲಿ ಎಂದರೆ ಒಡೆಯಲಿ. ಕೈಯಲ್ಲಿದ್ದ ತೆಂಗಿನ ನಾರನ್ನು ಕೆಳಗಿಟ್ಟೆ.

ತಮ್ಮ ಎದ್ದು ನಿಂತು ಕೈ ಒರೆಸಿಕೊಂಡ. "ಅವರನ್ನ ಇಲ್ಲಿಗೆ ಕರ್ಕೊಂಡು ಬರ್ರಿ ಸಾಹೇಬ್ರ," ಎಂದ. "ನಾ ಬಾಯಿಂದ ಹೇಳಿದ್ದನ್ನ ನಂಬಾಕ ನಿಮಗ ಇಷ್ಟು ವರ್ಷ ಬೇಕಾತು. ಅವರೂ ಬಂದು ಕುಂತು ನೋಡ್ಲಿ. ಕಲ್ಲು ಎಲ್ಲೂ ಓಡಿ ಹೋಗಂಗಿಲ್ಲ."

ಅಧಿಕಾರಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅಲ್ಲೇ ಕುಳಿತು ಕಲ್ಲಿನ ಚಿತ್ರ ಬರೆದುಕೊಂಡರು. ಪ್ರತಿಯೊಂದು ಗುಂಡನ್ನೂ ತಮ್ಮ ಬೆರಳಿಟ್ಟು ತೋರಿಸಿದ. ಮುಗಿಯುತ್ತಲೇ ಹೆಂಗಸರು ಬಟ್ಟಲು ಹಿಡಿದು ಮುಂದೆ ಬಂದರು. ದೊಡ್ಡವ್ವ ಕೋಲಿನಿಂದ ನಸುಗೆಂಪು ಗುಂಡನ್ನು ತೋರಿಸಿ, "ಅದೊಂದು ಬಿಟ್ಟು ಹಚ್ಚಿರೇ," ಎಂದಳು.

ತಮ್ಮನಿಗೆ ಸರ್ವೆಯ ಆ ಕಾಯಂ ಕೆಲಸ ಸಿಗಲಿಲ್ಲ, ಅದರ ವಯಸ್ಸು ಅವನಿಗೆ ದಾಟಿತ್ತು. ಕಳೆದ ವರ್ಷಗಳನ್ನು ನಾನು ಕೊಡಲಾರೆ. ಮೇಲಿನವರು ಯಾರೂ ಇವತ್ತಿನವರೆಗೆ ಬಂದಿಲ್ಲ. ಆ ಗುಂಡು ಅಲ್ಲಿದೆ, ಅದರ ಮೇಲೆ ಅರಿಷಿಣವಿಲ್ಲ. ಯಾರು ಬೇಕಾದರೂ ಬಂದು ನೋಡಬಹುದು. ಸುತ್ತಿಗೆ ತಂದವರು ಮೊದಲು ನನ್ನ ತಮ್ಮನನ್ನು ಕೇಳಬೇಕು.